ನೀರು ಕೊಟ್ಟರೆ ಚಾವಿಯನ್ನೂ ಕೊಡಿ

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಯಾರಾದರೂ ಜಗಳಕ್ಕೆ ಬಂದಾರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರರ ನಡುವೆ ಬಸ್ಸಿನಲ್ಲಿ ಓಡಾಡುವವರು ತಾವೇ ಊಹಿಸಿಕೊಳ್ಳಲಿ. ಅಲ್ಲಿಯ ನಗರಸಭೆಯಲ್ಲಿ ಶೈಲಜಾ ಎಂಬ ಜೂನಿಯರ್ ಎಂಜಿನಿಯರ್ ಇದ್ದಾಳೆ. ವಯಸ್ಸು ನಲವತ್ತು ದಾಟಿದೆ. ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಅದೇ ಸ್ಕೂಟಿ. ಅಷ್ಟರಲ್ಲಿ ಅವಳ ಮೇಲೆ ಏಳು ಜನ ಸಾಹೇಬರು ಬಂದು ಹೋದರು. ಬಂದವರಿಗೆಲ್ಲ ಊರಿನ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಹೇಳಿಕೊಟ್ಟವಳು ಅವಳೇ. ಅವರು ಕಲಿಯುವಷ್ಟರಲ್ಲಿ ವರ್ಗವಾಗುತ್ತಿತ್ತು, ಇವಳು ಹೊಸಬರಿಗೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸರ್ಕಾರಿ ಕಚೇರಿಗೆ ಒಪ್ಪಿದಷ್ಟು ಬೇರೆಲ್ಲೂ ಒಪ್ಪುವುದಿಲ್ಲ.

ಅವಳಿಗೆ ನೀರಿನ ವಿದ್ಯೆ ಕಲಿಸಿದ್ದು ಕಾಲೇಜಲ್ಲ, ಹಾಜಿಸಾಬ. ನಗರಸಭೆಯಲ್ಲಿ ಮೂವತ್ತೆರಡು ವರ್ಷ ನೀರು ಬಿಟ್ಟ ಮನುಷ್ಯ. ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಹೊತ್ತು, ರಸ್ತೆಯ ಗುಂಡಿಯೊಳಗಿನ ವಾಲ್ ತಿರುಗಿಸಿ ಓಣಿ ಓಣಿಗೆ ನೀರು ಹರಿಸುವುದು ಅವನ ಕೆಲಸ. ಊರಿನ ಪೈಪುಗಳ ನಕ್ಷೆ ಯಾವ ಕಪಾಟಿನಲ್ಲೂ ಇರಲಿಲ್ಲ, ಅವನ ತಲೆಯಲ್ಲಿತ್ತು. ಅವನ ನಿವೃತ್ತಿಗೆ ಆರು ತಿಂಗಳಿದೆ ಎನ್ನುವಾಗ ಶೈಲಜಾ ಅವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಊರೆಲ್ಲ ತಿರುಗಿ, ಅವನು ತೋರಿಸಿದ ವಾಲ್‌ಗಳ ನಕ್ಷೆ ಬರೆದುಕೊಂಡಳು. ಕಚೇರಿಯವರು ನಕ್ಕರು. ನಗಲಿ ಬಿಡಿ, ನಕ್ಕವರ ಕೈಗೆ ನಕ್ಷೆ ಸಿಗಲಿಲ್ಲ. ಒಟ್ಟು ನೂರ ಹದಿನಾರು ವಾಲ್. ಒಂಬತ್ತು ಡಾಂಬರಿನ ಕೆಳಗೆ ಹೂತು ಹೋಗಿದ್ದವು, ಒಂದು ಖಾನಾವಳಿಯ ಮೆಟ್ಟಿಲಿನ ಕೆಳಗೆ ಸಿಕ್ಕಿತು.

ಆ ನಕ್ಷೆ ಬರೆಯುವಾಗಲೇ ಊರಿನ ರೋಗ ಅವಳಿಗೆ ತಿಳಿದದ್ದು. ನಗರಸಭೆಯಲ್ಲಿ ಎಂಜಿನಿಯರುಗಳಿಗೆ ಕೆಲಸ ಹಂಚಿದ್ದು ವಾರ್ಡಿನ ಪ್ರಕಾರ. ಒಬ್ಬೊಬ್ಬರಿಗೆ ಎಂಟೆಂಟು ವಾರ್ಡು. ಅಲ್ಲಿಯ ರಸ್ತೆ, ಚರಂಡಿ, ನೀರು, ನೀರು ಬಿಡುವ ಆಳು ಎಲ್ಲವೂ ಅವರದೇ. ಕೇಳುವುದಕ್ಕೆ ಚೆಂದ. ಆದರೆ ವಾರ್ಡಿನ ಗೆರೆ ಎಳೆದದ್ದು ಚುನಾವಣೆಗೆ, ಪೈಪು ಹೂತದ್ದು ಅದಕ್ಕಿಂತ ಎಷ್ಟೋ ಮೊದಲು. ಊರ ತುದಿಯ ಜನತಾ ಕಾಲೊನಿ ಶೈಲಜಾಳ ಪಾಲಿಗೆ ಬಂದಿತ್ತು. ಆ ಕಾಲೊನಿಗೆ ನೀರು ಬಿಡುವ ವಾಲ್ ಇದ್ದದ್ದು ಮಾತ್ರ ಟಾಕಿ ಓಣಿಯಲ್ಲಿ, ನೀರಿನ ಟಾಕಿಯ ಬುಡದಲ್ಲಿ. ಆ ಓಣಿ ಹಿರಿಯ ಎಂಜಿನಿಯರ್ ವಿರೂಪಾಕ್ಷಪ್ಪನವರದು. ಅವರ ಮನೆಯೂ ಅಲ್ಲೇ.

ಟಾಕಿ ಓಣಿಯಲ್ಲಿ ಅನುಕೂಲಸ್ಥರಿದ್ದರು. ಅವರ ಪಾಳಿ ಮುಗಿದ ಮೇಲೂ ಅಲ್ಲಿಯ ವಾಲ್ ಪೂರ್ತಿ ಮುಚ್ಚುತ್ತಿರಲಿಲ್ಲ. ಯಾರದಾದರೂ ಫೋನು ಬರುತ್ತಿತ್ತು, ಎರಡು ಸುತ್ತು ಸಡಿಲವಾಗಿಯೇ ಉಳಿಯುತ್ತಿತ್ತು. ಆ ಎರಡು ಸುತ್ತಿನಲ್ಲಿ ಕಾಲೊನಿಯ ಪಾಲು ಸೋರಿ ಹೋಗುತ್ತಿತ್ತು. ಕಾಲೊನಿಯ ಹೆಂಗಸರು ಖಾಲಿ ಕೊಡ ಹಿಡಿದು ಬರುತ್ತಿದ್ದದ್ದು ಶೈಲಜಾಳ ಮೇಜಿನ ಮುಂದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಜಗಳವೂ ಇರಲಿಲ್ಲ, ಕೂಸು ಮಾತ್ರ ಬಡವಾಗಿತ್ತು.

ಹೋದ ವರ್ಷ ಶಿವಪ್ರಸಾದ ಎಂಬ ಪೌರಾಯುಕ್ತ ಬಂದ. ವಯಸ್ಸಿನಲ್ಲಿ ಚಿಕ್ಕವನು, ಮಾತು ಕಡಿಮೆ. ಮೂರು ತಿಂಗಳು ಸುಮ್ಮನೆ ನೋಡಿದ, ಆಮೇಲೆ ಎಂಜಿನಿಯರುಗಳನ್ನೆಲ್ಲ ಕರೆದು ವಾರ್ಡಿನ ಹಂಚಿಕೆ ಸಾಕು ಎಂದ. ಇನ್ನು ಮೇಲೆ ರಸ್ತೆ, ಚರಂಡಿ, ನೀರು ಎಂದು ಮೂರು ವಿಭಾಗ. ಒಂದೊಂದಕ್ಕೆ ಒಬ್ಬರು ಮುಖ್ಯಸ್ಥರು. ಹೇಳಿ ಮುಗಿಸುವ ಮೊದಲೇ ನಾಲ್ಕು ಜನ ರಸ್ತೆ ವಿಭಾಗ ಬೇಕೆಂದರು. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು? ನೀರು ಬೇಕೆಂದು ಒಬ್ಬರೂ ಅನ್ನಲಿಲ್ಲ. ಕೊನೆಗೆ ಅದು ಶೈಲಜಾಳ ಹೆಸರಿಗೆ ಬಿತ್ತು. ಅವಳಿಗೆ ಒಳಗೊಳಗೇ ಹಬ್ಬ. ಹನ್ನೊಂದು ವರ್ಷದಿಂದ ಅವಳು ಬಯಸಿದ್ದು ಅದನ್ನೇ.

ಹಬ್ಬ ಒಂದು ಪುಟದ ತನಕ ಮಾತ್ರ ಇತ್ತು. ಆದೇಶದ ಕರಡಿನ ಎರಡನೇ ಪುಟದಲ್ಲಿ, ನೀರು ಬಿಡುವ ಹದಿನೆಂಟು ಜನ ಸದ್ಯಕ್ಕೆ ಮೊದಲಿನ ಎಂಜಿನಿಯರುಗಳ ಕೈಕೆಳಗೇ ಇರತಕ್ಕದ್ದು ಎಂದಿತ್ತು. ಹಿರಿಯರು ಬಿಟ್ಟುಕೊಡಲು ಒಪ್ಪಿರಲಿಲ್ಲ. ಅಂದರೆ ಊರಿನ ಬೈಗುಳವೆಲ್ಲ ಇವಳಿಗೆ, ಚಾವಿಯೆಲ್ಲ ಅವರಿಗೆ. ಸರ್ಕಾರಿ ಭಾಷೆಯಲ್ಲಿ ‘ಸದ್ಯಕ್ಕೆ’ ಎಂದರೆ ಎಷ್ಟು ವರ್ಷ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದು ತಾಯಿಯ ಮುಂದೆ ಹೇಳಿಕೊಂಡಳು. ತಾಯಿ ಗದ್ದೆಮ್ಮ ತುರ್ವಿಹಾಳದವಳು. ಕಾಲುವೆಯ ನೀರು ಸಿಕ್ಕ ಮಂದಿಯ ಗದ್ದೆಗಳಲ್ಲಿ ಕೂಲಿಗೆ ಭತ್ತ ನಾಟಿ ಮಾಡಿ ಮಗಳನ್ನು ಓದಿಸಿದವಳು. ಮನೆಯಲ್ಲಿ ಬುದ್ಧನ ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ, ಅದರ ಪಕ್ಕದಲ್ಲಿ ಮಗಳ ಡಿಗ್ರಿಯ ಫೋಟೊ. ಆಕೆಗೆ ಆದೇಶ ಗೊತ್ತಿಲ್ಲ, ಕರಡೂ ಗೊತ್ತಿಲ್ಲ. ಎಲ್ಲ ಕೇಳಿ, ಸೋಸುತ್ತಿದ್ದ ಪುಂಡಿಪಲ್ಲೆ ಸೊಪ್ಪಿನಿಂದ ತಲೆ ಎತ್ತದೆ ಒಂದೇ ಮಾತು ಹೇಳಿದಳು.

“ಗದ್ದಿ ಮಡಿಗೆ ನೀರು ಹಾಯ್ಸೋನ ಕೈಯಾಗ ಸಲಿಕಿ ಇರಬೇಕವ್ವ. ಸಲಿಕಿ ಇಲ್ಲದಾಂವ ಬದುವಿನ ಮ್ಯಾಲ ನಿಂತು ಬರೇ ಬೈಸ್ಕೊಂತಾನ.”

ಮರುದಿನ ಶೈಲಜಾ ಪೌರಾಯುಕ್ತನ ಕೋಣೆಗೆ ಹೋಗಿ ಕರಡನ್ನು ಮೇಜಿನ ಮೇಲಿಟ್ಟಳು.

“ನೀರು ಕೊಡ್ರಿ ಸರ, ಬ್ಯಾಡ ಅನ್ನಂಗಿಲ್ಲ. ಆದ್ರ ಹದಿನೆಂಟು ಮಂದೀನೂ ನನ್ನ ಕೈಯಾಗ ಕೊಡ್ರಿ. ಚಾವಿ ಇಲ್ಲದ ನೀರು ನನಗ ಬ್ಯಾಡ.”

ಶಿವಪ್ರಸಾದ ಕಷ್ಟವೆಂದ. ಅವಳು ಒಪ್ಪದಿದ್ದರೆ ಮತ್ತೆ ವಾರ್ಡಿನ ಹಂಚಿಕೆಯೇ ಗತಿ ಎಂದ. ಆಗ ಅವಳು ಒಂದು ಸುತ್ತು ಪಾಳಿ ಕೇಳಿದಳು, ಐದು ದಿನ. ಅಷ್ಟು ದಿನ ಎಲ್ಲ ಆಳುಗಳೂ ತನ್ನ ಮಾತಿನಂತೆ ನಡೆಯಲಿ. ನೀರನ್ನು ಟಾಕಿಯ ಕಡೆಯಿಂದಲ್ಲ, ಊರ ತುದಿಯ ಓಣಿಗಳಿಂದ ಶುರು ಮಾಡಿ ಬಿಡುತ್ತೇನೆ, ಕಾಲೊನಿಯ ಕೊನೆಯ ಮನೆಗೆ ನೀರು ಮುಟ್ಟದಿದ್ದರೆ ತಾನೇ ಟಪಾಲಿನ ಮೇಜಿಗೆ ಹೋಗಿ ಕೂರುತ್ತೇನೆ ಎಂದಳು. ಎಂಜಿನಿಯರ್ ಆದವಳು ಲಕೋಟೆ ಹರಿಯುತ್ತ ಕೂರುವುದೆಂದರೆ ಸಣ್ಣ ಮಾತಲ್ಲ. ಅವನು ಒಪ್ಪಿದ.

ಸೋಮವಾರ ಬೆಳಗಿನ ಐದಕ್ಕೆ ಹದಿನೆಂಟು ಜನರೂ ಟಾಕಿಯ ಬಳಿ ಸೇರಿದರು. ಎರಡು ದಿನ ತುದಿಯ ಓಣಿಗಳು, ಆಮೇಲೆ ನಡುವಿನವು, ಐದನೇ ದಿನ ಟಾಕಿ ಓಣಿ. ಮುಚ್ಚು ಎಂದ ವಾಲ್ ಕೊನೆಯ ಸುತ್ತಿನ ತನಕ ಮುಚ್ಚಬೇಕು. ಟಾಕಿ ಓಣಿಗೆ ನೀರು ಬಿಡುವ ಕರಿಬಸಪ್ಪನಿಗೆ ಬೆವರು ಬಂತು. ವಿರೂಪಾಕ್ಷಪ್ಪ ಸಾಹೇಬರ ಮನೆ ಅಲ್ಲೇ ಇದೆಯೆಂದು ನೆನಪಿಸಿದ. ಶೈಲಜಾ ಗೊತ್ತಿದೆ ಎಂದಳು, ಅಷ್ಟೇ.

ಮೊದಲ ದಿನ ನೀರು ಕಾಲೊನಿಯ ಅರ್ಧಕ್ಕೆ ಬಂದು ನಿಂತಿತು. ಎರಡನೇ ದಿನ ಚೆನ್ನಾಗಿಯೇ ಏರುತ್ತಿತ್ತು, ಏಳು ಗಂಟೆಗೆ ಇದ್ದಕ್ಕಿದ್ದಂತೆ ಸೊರಗಿತು. ಯಾರದೋ ಕೈವಾಡ ಎಂದು ಅವಳಿಗೆ ಹೊಳೆಯಿತು. ಸ್ಕೂಟಿ ಟಾಕಿ ಓಣಿಗೆ ತಿರುಗಿತು. ಗುಂಡಿಯ ಪಕ್ಕದಲ್ಲಿ ಕರಿಬಸಪ್ಪ ತಪ್ಪು ಮಾಡಿದ ಮುಖ ಹೊತ್ತು ನಿಂತಿದ್ದ. ಫೋನು ಬಂದಿತ್ತು, ಎರಡು ಸುತ್ತು ಬಿಟ್ಟಿದ್ದ. ಅವಳು ಬೈಯಲಿಲ್ಲ. ಚಾವಿ ಇಸಿದುಕೊಂಡು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ವಾಲ್ ಗಟ್ಟಿಯಾಗುವ ತನಕ ತಾನೇ ತಿರುಗಿಸಿದಳು. ಆಮೇಲೆ ಚಾವಿಯನ್ನು ಅವನ ಕೈಗೇ ಕೊಟ್ಟಳು.

“ಇನ್ನ ಯಾರರ ಫೋನ್ ಮಾಡಿದ್ರ ನನ್ನ ನಂಬರ್ ಕೊಡ್ರಿ ಕರಿಬಸಪ್ಪಣ್ಣ. ಬೈಗಳ ನನಗಿರಲಿ, ಚಾವಿ ನಿಮ್ಮ ಕೈಯಾಗ ಇರಲಿ.”

ಆ ದಿನ ಅವಳಿಗೆ ಹದಿಮೂರು ಫೋನು ಬಂದವು. ಕರಿಬಸಪ್ಪ ಮತ್ತೆ ಆ ವಾಲ್ ಮುಟ್ಟಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಕಾಲೊನಿಯ ಕೊನೆಯ ಮನೆಯ ಮುದುಕಿ, ಎಷ್ಟೋ ವರ್ಷದ ಹಿಂದೆ ನಳದ ಬಾಯಿಗೆ ತುರುಕಿದ್ದ ಚಿಂದಿಯನ್ನು ಕಿತ್ತೆಸೆದಳು. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಮುದುಕಿ ಕೊಡ ಇಡುವುದನ್ನೂ ಮರೆತು ಅದರ ಕೆಳಗೆ ಕೈ ಹಿಡಿದು ನಿಂತಳು. ಶೈಲಜಾಳ ಕಣ್ಣು ತುಂಬಿ ಬಂತು. ಅವಳು ಒರೆಸಿಕೊಳ್ಳಲೂ ಇಲ್ಲ.

ಆದರೆ ಗೆದ್ದೆ ಎನ್ನುವಂತಿರಲಿಲ್ಲ. ಟಾಕಿ ಓಣಿ ಒಣಗಿ ಕೂತಿತ್ತು. ವಿರೂಪಾಕ್ಷಪ್ಪನವರು ಈ ನಾಲ್ಕು ದಿನ ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ. ಅವರು ಬೇಡವೆಂದರೆ ಉಳಿದ ಹಿರಿಯರೂ ಬೇಡವೆನ್ನುತ್ತಾರೆ, ಪೌರಾಯುಕ್ತನ ಕೈ ಕಟ್ಟಿ ಹೋಗುತ್ತದೆ. ಆಳುಗಳು ಯಾರ ಕೈಗೆ ಎಂದು ತೀರ್ಮಾನಿಸಲು ನಾಲ್ಕನೇ ದಿನ ಮಧ್ಯಾಹ್ನ ಸಭೆ. ಶಿವಪ್ರಸಾದ ಮೊದಲು ಕೇಳಿದ್ದೇ ಅವರನ್ನು. ಎಲ್ಲರೂ ಸಿಡಿಲಿಗೆ ಕಾದರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾಕು ದಿನ ಆತು ಸರ, ನಮ್ಮನ್ಯಾಗ ಒಂದು ಹನಿ ನೀರಿಲ್ಲ. ನಮ್ಮಾಕಿ ಬೈದು ಬೈದು ಸಾಕಾಗ್ಯಾಳ. ಮೂವತ್ತು ವರ್ಷ ನೌಕರಿ ಮಾಡೀನಿ, ಬಂದ್ ಮಾಡ್ರಿ ಅಂದದ್ದು ಖರೇನ ಬಂದ್ ಆಗಿದ್ದು ಇದೇ ಮೊದಲ್ನೇ ಸಲ. ನನ್ನ ಕೈಲಿ ಆಗಿದ್ದಿಲ್ಲ ಇದು. ಮಂದೀನ ಆಕಿಗೇ ಕೊಡ್ರಿ.”

ಶಿವಪ್ರಸಾದ ಎರಡನೇ ಪುಟದ ಆ ಸಾಲನ್ನು ಹೊಡೆದು ಹಾಕಿ, ಹೊಸ ಸಾಲು ಬರೆದು, ಅಲ್ಲೇ ಸಹಿ ಮಾಡಿದ. ಶೈಲಜಾಳಿಗೆ ಆ ಹಿರಿಯರ ಕಾಲು ಮುಟ್ಟಬೇಕೆನಿಸಿತು. ನಾಚಿಕೆಯಾಗಿ ಸುಮ್ಮನಾದಳು.

ಸಭೆ ಮುಗಿದು ಹೊರಗೆ ಪಡಸಾಲೆಗೆ ಬಂದಾಗ ವಿರೂಪಾಕ್ಷಪ್ಪನವರು ಅವಳ ಬಳಿ ನಿಂತರು. ಅರ್ಧ ನಗು, ಅರ್ಧ ಸಂಕೋಚ. ಈಗ ಹೇಗೂ ಆದೇಶ ಆಯಿತಲ್ಲ, ಟಾಕಿ ಓಣಿಗೆ ಸಂಜೆ ಒಂದು ಅರ್ಧ ತಾಸು ಬಿಡಿಸಿದರೆ ಮನೆಯಲ್ಲಿ ಮುಖ ತೋರಿಸಬಹುದಿತ್ತು ಎಂದರು. ಶೈಲಜಾ ಅವರ ಮುಖವನ್ನೇ ನೋಡಿದಳು. ತನ್ನ ಪರ ನಿಂತ ಈ ಮನುಷ್ಯನಿಗೆ ಏನು ಕೊಟ್ಟರೂ ಕಡಿಮೆಯೇ ಎನಿಸಿತು.

“ನಿಮ್ಮ ಓಣಿ ಪಾಳಿ ನಾಳಿ ಮುಂಜಾನಿ ಆರಕ್ಕ ಐತ್ರಿ ಸರ,” ಎಂದಳು. “ಇವತ್ತು ಆಗಂಗಿಲ್ಲ.”

ವಿರೂಪಾಕ್ಷಪ್ಪನವರು ಗಟ್ಟಿಯಾಗಿ ನಕ್ಕು, ಬೈಕಿಗೆ ಎರಡು ಖಾಲಿ ಕ್ಯಾನು ಕಟ್ಟಿಕೊಂಡು ಶುದ್ಧ ನೀರಿನ ಘಟಕದ ಕಡೆ ಹೊರಟರು.