ಸಿದರಾಯ ಕಡಿದ ನಾವೆ

ಸಿದರಾಯನ ಕೈ ಬಾಯಿಗಿಂತ ಮೊದಲು ಏಳುತ್ತಿತ್ತು. ಜುಗೂಳದ ಬಳಿ ಕೃಷ್ಣೆಯ ದಂಡೆಯಲ್ಲಿ ನಾವೆ ನಡೆಸುತ್ತಿದ್ದ ಅವನು, ನಡುನೀರಿನಲ್ಲಿ ಯಾರಾದರೂ ಎದ್ದು ನಿಂತರೆ ಹುಟ್ಟುಗೋಲಿನಿಂದ ಮೊಣಕಾಲಿಗೆ ಬಾರಿಸುತ್ತಿದ್ದ. ಸೆಲ್ಫಿಗೆಂದು ಎದ್ದ ಮದುಮಗನೊಬ್ಬ ಕುಂಟುತ್ತ ಇಳಿದದ್ದನ್ನು ನಾನೇ ಕಂಡಿದ್ದೇನೆ. “ಕುಂದ್ರಲೇ! ನಿಮ್ಮವ್ವ ನಿನ್ನ ಫೋಟೋಕ್ಕ ಹಾರಾ ಹಾಕಿ ಗ್ವಾಡಿಗಿ ತೂಗಹಾಕ್ಬೇಕೇನು?”

ಕೃಷ್ಣೆಯ ನಡುಗಡ್ಡೆಯ ಬಸದಿಯಲ್ಲಿ ಐದು ದಿನ ಮೌನದಲ್ಲಿರಬೇಕೆಂಬುದು ಆಯಿಯ, ಅಂದರೆ ನನ್ನ ಅಜ್ಜಿಯ, ಆಸೆ. ಅಷ್ಟಮಿಯಂದು ನೀರೂ ಮುಟ್ಟದೆ ಉಪವಾಸವಿದ್ದು, ಮರುದಿನ ಅಲ್ಲಿ ದರ್ಶನವಾದ ಮೇಲೆಯೇ ಗುಟುಕು ನೀರು ಎಂದು ಹರಕೆ ಹೊತ್ತಿದ್ದಳು. ಸೂರ್ಯ ಮುಳುಗಿದರೆ ಅವಳಿಗೆ ಹನಿ ನೀರೂ ನಿಷಿದ್ಧ. ಕಾಕಾ ವಾರವಿಡೀ ಫೋನಿನಲ್ಲಿ ನಕಾಶೆ ಸರಿಸಿ ತೀರ್ಮಾನಿಸಿದ: “ಬ್ರಿಜ್ ಸುತ್ತಿ ರೋಡ್‌ಲೆ ಎರಡ್ ತಾಸು, ನಾವಿಲೆ ಕಾಲ್ ತಾಸು. ನಾವ್ಯಾಗ ಹೋಗೂಣು.” ಚಿಕ್ಕೋಡಿಯಿಂದ ಬೆಳಗ್ಗೆಯೇ ಹೊರಟೆವು. ಆಯಿ ದಾರಿಯ ಪ್ರತಿ ಬಸದಿಗೂ ಕಾರು ನಿಲ್ಲಿಸಿದಳು.

ದಂಡೆಗೆ ಬಂದಾಗ ಹೊತ್ತು ಮುಳುಗಲು ಒಂದೇ ತಾಸು ಉಳಿದಿತ್ತು. ನದಿ ಕೆಂಪಾಗಿ, ಕಬ್ಬನ್ನು ಬೇರುಸಹಿತ ಹೊತ್ತು ಬರುತ್ತಿತ್ತು.

“ಮ್ಯಾಲಿಂದ ನೀರು ಬರಾಕತ್ತೈತಿ. ಆಗೂದಿಲ್ಲ,” ಎಂದ ಸಿದರಾಯ.

“ಮುದುಕಿ ಮೊನ್ನಿ ಸಂಜೀಂದ ನೀರ್ ಮುಟ್ಟಿಲ್ಲಲೇ!” ಕಾಕಾ ಕೂಗಿದ.

“ಈಗ ನಾವಿ ಏರಿದ್ರ ಹೊಟ್ಟಿತುಂಬ ಕುಡೀತಾಳ.”

ಕಾಕಾ ಅವನ ಕೆನ್ನೆಗೆ ಹೊಡೆದ. ನಾನು ಹಗ್ಗ ಬಿಚ್ಚಲು ಬಾಗಿದೆ. ಸಿದರಾಯನ ಹುಟ್ಟುಗೋಲು ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಒಣಕಬ್ಬು ಮುರಿದಂಥ ಸದ್ದು. ಕಾಕಾ ಅವನನ್ನು ಕೆಸರಿಗೆ ಕೆಡವಿ ಎದೆಯ ಮೇಲೆ ಕೂತು ಗುದ್ದಿದ. ಹೇಗೋ ಬಿಡಿಸಿಕೊಂಡು ಎದ್ದ ಸಿದರಾಯ ಕೊಡಲಿ ತಂದು ತನ್ನ ನಾವೆಯ ತಳವನ್ನೇ ಕಡಿಯತೊಡಗಿದ. ಕೊಡಲಿಯಲ್ಲ, ಹಾರೆ ಎನ್ನುತ್ತಾನೆ ಕಾಕಾ. ಮೂರು ಏಟೋ ಹತ್ತೋ, ನಾನು ಹೇಳಿದಾಗಲೆಲ್ಲ ಬೇರೆಯಾಗುತ್ತದೆ. ರಕ್ತ ಉಗುಳಿ ಅವನು ಅಂದದ್ದು ಮಾತ್ರ ಎಲ್ಲರಿಗೂ ಒಂದೇ ಥರ ನೆನಪಿದೆ: “ಈಗ ಹೋಗ್ರಿ!”

ರಸ್ತೆ ಹಿಡಿದೆವು. ಸೇತುವೆಗೆ ಮುನ್ನವೇ ಸೂರ್ಯ ಹೋದ. ಮರುದಿನ ಬೆಳಗ್ಗೆ ದರ್ಶನವಾದ ಮೇಲೆ ಆಯಿ ಕುಡಿದ ಮೊದಲ ಗುಟುಕು ಒಡೆದ ತುಟಿಯಿಂದ ಕೆಂಪಾಗಿ ಸೋರಿತು. ಬದುಕಿದಳು.

ಈಗ ಮದುವೆಮನೆಗಳಲ್ಲಿ ಕಾಕಾ ಹೇಳುವ ಕತೆಯಲ್ಲಿ ಸಿದರಾಯ ನಮ್ಮ ಜೀವ ಉಳಿಸಿದವನು. ಕೆನ್ನೆಗೆ ಹೊಡೆದದ್ದು ಅದರಲ್ಲಿಲ್ಲ.

ಮತ್ತೊಂದು ನಾವೆ ಮಾಡಿಸಲು ಸಿದರಾಯನಿಗೆ ಆಗಲಿಲ್ಲ. ಸಾಯುವ ಹಿಂದಿನ ವರ್ಷ ಯಾರದೋ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದವನನ್ನು ಕೇಳಿದೆ, “ಅವತ್ತು ಹೋಗಿದ್ರ ಮುಳುಗತಿದ್ವೇನು?”

“ಯಾಂವಗ ಗೊತ್ರಿ? ನೀವು ಹ್ವಾದಮ್ಯಾಗ ನೀರು ಏರಲೇ ಇಲ್ಲ. ಹಂಗ ನಿಂತಬಿಡ್ತು. ದಾಟ್ತಿದ್ವೇನೋ.”

ಕುಡುಗೋಲು ಕೆಳಗಿಟ್ಟು ನನ್ನ ಕೈ ಎಳೆದುಕೊಂಡ. ಮೂಳೆ ಸೊಟ್ಟಗೆ ಕೂಡಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದ.

“ನೋಯತೈತೇನ್ರಿ?”

“ಇಲ್ಲ,” ಎಂದೆ.

ನಂಬದೆ ಇನ್ನೂ ಗಟ್ಟಿಯಾಗಿ ಒತ್ತಿದ.