ಕೆರೆಯಲ್ಲಿ ಮಲಗಿದ ರಾತ್ರಿ

ಅತ್ತೆಗೆ ಲಕ್ವ ಹೊಡೆದ ಮೇಲೆ ನಾನು ಒಂದು ರಾತ್ರಿಯೂ ಮನೆಯ ಹೊರಗೆ ಮಲಗಿದವಳಲ್ಲ. ಅವರ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು, ಬುದ್ಧಿ ಮಾತ್ರ ಚುರುಕಾಗಿಯೇ ಇತ್ತು. ರಾತ್ರಿ ಎರಡು ಮೂರು ಸಲ ಎದ್ದು ಮಗ್ಗುಲು ಬದಲಿಸಬೇಕು, ಬಟ್ಟೆ ಒದ್ದೆಯಾಗಿದ್ದರೆ ತೆಗೆದು ಒರೆಸಿ ಬೇರೆ ಹಾಕಬೇಕು. ಡೈಪರ್ ಕಟ್ಟಿದರೆ ಎಡಗೈಯಲ್ಲಿ ಕಿತ್ತೆಸೆಯುತ್ತಿದ್ದರು. ಈ ಕೆಲಸವನ್ನು ನನ್ನ ಹೊರತು ಬೇರೆ ಯಾರಿಂದಲೂ ಮಾಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಮನೆಯವರು ಒಳ್ಳೆಯವರೇ, ಆದರೆ ಅಮ್ಮನ ಬಟ್ಟೆ ಮುಟ್ಟುವ ಕೆಲಸ ತಮ್ಮದಲ್ಲ ಅಂದುಕೊಂಡಿದ್ದರು. ಅತ್ತೆಯೂ ಹಾಗೇ ಅಂದುಕೊಂಡಿದ್ದರು. ನಾನೂ ಅಷ್ಟೇ.

ಆಗ ನಾವು ಊರು ಬಿಟ್ಟು, ವಿಮಾನ ನಿಲ್ದಾಣಕ್ಕೆ ಹತ್ತಿರದ ಬಾಗಲೂರಿನ ಹೊರಗೆ ಕೆರೆಗೆ ಎದುರಾಗಿದ್ದ ಅಪಾರ್ಟ್‌ಮೆಂಟಿಗೆ ಬಂದು ಸ್ವಲ್ಪ ಕಾಲವಾಗಿತ್ತು. ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುತ್ತಿದ್ದೆ. ಹೊಲಿಸಿಕೊಳ್ಳಲು ಬರುತ್ತಿದ್ದವರಲ್ಲಿ ಅಲ್ಲಿನ ಹಳೇ ಊರಿನವಳೊಬ್ಬಳು ನನಗೆ ಗೆಳತಿಯಾದಳು. ಅವರ ಹೊಲಗಳೆಲ್ಲ ಸೈಟುಗಳಾಗಿ ಹೋಗಿದ್ದವು. ಕೆರೆಯ ಮೀನಿನ ಗುತ್ತಿಗೆಯೊಂದನ್ನು ಮಾತ್ರ ಅವಳ ಗಂಡ ಹಠಕ್ಕೆ ಬಿದ್ದು ಇಟ್ಟುಕೊಂಡಿದ್ದ. ಆ ಚಳಿಗಾಲ ಅವನು ಮಾಲೆ ಹಾಕಿ ಶಬರಿಮಲೆಗೆ ಹೊರಟ. ಮೀನು ಬಲಿತಿತ್ತು, ಬಂದ ಮೇಲೆ ಹಿಡಿಸುವುದು ಅಂತಿತ್ತು. ಕಾವಲಿಗಿದ್ದವನು ಊರಿಗೆ ಹೋದವನು ತಿರುಗಿ ಬಂದಿರಲಿಲ್ಲ. ಆಚೆ ದಡದ ಜೊಂಡಿನ ಕಡೆ ರಾತ್ರಿ ಹೊತ್ತು ಯಾರೋ ಕದ್ದು ಬಲೆ ಬಿಡುತ್ತಿದ್ದರು. ಅದು ಏರಿ ಮೇಲಿಂದ ಕಾಣುವುದಿಲ್ಲವಂತೆ, ದೋಣಿಯಲ್ಲಿ ಕೆರೆಯ ನಡುವೆಯೇ ಇರಬೇಕಂತೆ.

"ಒಬ್ಳೇ ಇರಕ್ಕಾಗಲ್ಲ ಕಣಕ್ಕ. ನಾಳೀಕೆ ನಮ್ ನಾದಿನಿ ಬತ್ತಾಳೆ, ಇಬ್ರೂ ಮಲಿಕ್ಕಂತೀವಿ" ಅಂದಳು, ಬ್ಲೌಸಿನ ಹುಕ್ಕು ನೋಡುತ್ತ.

ನನ್ನ ಬಾಯಿಂದ ಬಂದ ಮಾತು ನನಗೇ ಹೊಸದಾಗಿತ್ತು. "ನಾಳೆ ಒಂದ್ ರಾತ್ರಿ ನಾದಿನೀನ ಕರೀಬೇಡ. ನಾನೇ ಬರ್ತೀನಿ."

ಮನೆಯಲ್ಲಿ ನಾನು ಹೇಳಿದ್ದು ಬೇರೆ. ಪಾಪ ಅವಳಿಗೆ ಯಾರೂ ಇಲ್ಲ, ಹೆದರುತ್ತಾಳೆ, ಕೈಮುಗಿದು ಕೇಳಿದಳು ಅಂದೆ. ಇವರು ಪೇಪರಿನಿಂದ ತಲೆಯೆತ್ತಿ, "ಒಂದ್ ರಾತ್ರಿ ತಾನ, ಹೋಗಿ ಬಾ. ನಾಳೆ ನಂದು ರಜಾ ಐತಿ" ಅಂದರು. ಅತ್ತೆ ಮಾತ್ರ ನನ್ನ ಮುಖವನ್ನೇ ನೋಡಿದರು.

"ರಾತ್ರಿ ನೀರಿನ್ಯಾಗ ಹೆಂಗಸ್ರಿಗೇನ್ ಕೆಲಸ?"

"ದೂರೇನಿಲ್ರಿ ಅತ್ತಿ. ಇಲ್ಲೇ ಎದುರಿಗೆ ಇರ್ತೀನಿ. ಅಲ್ಲಿಂದ ನಿಮ್ಮ ಕಿಟಕಿ ಚಂದಾಗಿ ಕಾಣಸ್ತದ."

ಅವರ ಮಂಚ ಆ ಕಿಟಕಿಗೆ ತಾಗಿಕೊಂಡೇ ಇತ್ತು. ಎಡಗೈಯಿಂದ ಪರದೆ ಸರಿಸಿ ಕೆರೆಯ ಕಡೆ ನೋಡಿದರು.

ಮಾರನೆಯ ಸಂಜೆ ಅವರಿಗೆ ಗಂಜಿ ಕುಡಿಸಿ, ಒರೆಸಿ, ಪೌಡರ್ ಹಾಕಿ, ಒಣಬಟ್ಟೆಗಳನ್ನು ಕುರ್ಚಿಯ ಮೇಲೆ ಮಡಿಸಿಟ್ಟು ಹೊರಟೆ. ಮೆಟ್ಟಿಲು ಇಳಿಯುವಾಗ ಕಾಲು ತಾನಾಗಿ ಓಡುತ್ತಿತ್ತು.

ಅದು ಫೈಬರಿನ ಚಿಕ್ಕ ದೋಣಿ. ಇಬ್ಬರು ಕಾಲು ಚಾಚಿದರೆ ತುಂಬಿಹೋಗುವಷ್ಟು. ಗೆಳತಿ ಸೀರೆ ಎತ್ತಿ ಕಟ್ಟಿ ಹುಟ್ಟು ಹಾಕಿದಳು. ಕೆರೆಯ ನಡುವೆ ಬಂದಾಗ ಹಗ್ಗ ಕಟ್ಟಿದ ಚಪ್ಪಡಿ ಕಲ್ಲೊಂದನ್ನು ನೀರಿಗೆ ಇಳಿಸಿ, "ಕಲ್ಲು ಕೂತ್ಕಂತು. ಇನ್ನು ಎಲ್ಲಿಗೂ ಓಗಕಿಲ್ಲ" ಅಂದಳು. ನಾನು ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ, ಅವಳು ತಂದಿದ್ದ ಅವರೆಕಾಳಿನ ಉಪ್ಪಿಟ್ಟು ಹಂಚಿಕೊಂಡು ತಿಂದೆವು. ವಿಮಾನಗಳು ಹೊಟ್ಟೆ ತೋರಿಸುತ್ತ ನಮ್ಮ ತಲೆಯ ಮೇಲೇ ಇಳಿದು ಹೋಗುತ್ತಿದ್ದವು. ಅವು ಹೋದ ಮೇಲೆ ದೋಣಿಯ ತಳಕ್ಕೆ ನೀರು ತಟ್ಟುವ ಸದ್ದು ಮತ್ತೆ ಕೇಳುತ್ತಿತ್ತು.

ಒಮ್ಮೆ ಜೊಂಡಿನ ಹತ್ತಿರ ಬೈಕೊಂದು ನಿಂತಿತು. ಗೆಳತಿ ಟಾರ್ಚ್ ಬಿಟ್ಟು, "ಯಾವನ್ಲಾ ಅವ್ನು? ಬಂದೆ ಇರು!" ಎಂದು ಕೂಗಿದಳು. ನನಗೇನಾಯಿತೋ, ನಾನೂ ಎದ್ದು ನಿಂತು, "ಬಂದೇನ್ ನೋಡ್ ಮಗನ!" ಎಂದು ಅರಚಿದೆ. ದೋಣಿ ಹೊಯ್ದಾಡಿತು. ಬೈಕಿನವನು ಗಾಡಿ ತಿರುಗಿಸಿ ಹೊರಟೇಹೋದ. ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಷ್ಟು ಜೋರಾಗಿ ನಕ್ಕು ಎಷ್ಟು ಕಾಲವಾಗಿತ್ತೋ. ಮನೆಯಲ್ಲಿ ಅತ್ತೆ ಮಲಗಿದ್ದಾರೆಂದು ನಾನು ಸೀನುವುದನ್ನೂ ತಡೆದುಕೊಳ್ಳುತ್ತಿದ್ದೆ.

ಕಂಬಳಿ ಹೊದ್ದು ಒರಗಿದ ಮೇಲೆ ಎದುರಿಗಿನ ಕಿಟಕಿಗಳು ಒಂದೊಂದಾಗಿ ಆರಿದವು. ನಮ್ಮದು ಮೊದಲೇ ಆರಿತ್ತು. ಕಣ್ಣಿಗೆ ಜೊಂಪು ಹತ್ತುವ ಹೊತ್ತಿಗೆ ಅದು ಮತ್ತೆ ಹೊತ್ತಿಕೊಂಡಿತು.

ಬೇರೆಯವರ ಕಿಟಕಿಯೇನೋ ಅಂದುಕೊಳ್ಳಲು ಯತ್ನಿಸಿದೆ. ಆದರೆ ಆ ಹಸಿರು ಪರದೆ ಹೊಲಿದವಳು ನಾನೇ. ಅತ್ತೆ ಒದ್ದೆಯಾಗುವ ಹೊತ್ತೂ ಅದೇ. ಇವರಿದ್ದಾರಲ್ಲ, ಬೇಕಾದರೆ ಫೋನ್ ಮಾಡುತ್ತಾರೆ ಅಂದುಕೊಂಡೆ. ಫೋನ್ ತೆಗೆದು ನೋಡಿದೆ. ಕರೆಯಿರಲಿಲ್ಲ. ನಾನೇ ಒಂದು ಕರೆ ಮಾಡಬಹುದಿತ್ತು. ಮಾಡಿದರೆ ಹೋಗಬೇಕಾಗುತ್ತದೆಂದು ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ. ಬೆಳಕಿಗೆ ಬೆನ್ನು ಮಾಡಿ ಮಲಗಿದೆ. ಕಟ್ಟಿಹಾಕಿದ ದೋಣಿ ಗಾಳಿಗೆ ಹಗ್ಗದ ಸುತ್ತ ನಿಧಾನವಾಗಿ ತಿರುಗುತ್ತದೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ಬಿಟ್ಟರೆ ಕಿಟಕಿ ಮತ್ತೆ ಎದುರಿಗೇ ಬಂದಿತ್ತು.

ಗೆಳತಿಯೂ ನೋಡಿದಳು. "ಅದು ನಿಮ್ಮನೇದಲ್ವೇನಕ್ಕ? ಓಗ್ಬೇಕಾ? ಕಲ್ಲು ಎತ್ಲಾ?" ಎಂದು ಆಗಲೇ ಹಗ್ಗಕ್ಕೆ ಕೈ ಹಾಕಿದಳು.

"ಅಲ್ಲ. ಅದು ಪಕ್ಕದ ಮನೇದು" ಅಂದೆ.

ಅವಳು ಹಗ್ಗ ಬಿಟ್ಟು ಮಲಗಿದಳು. ಆಮೇಲೆ ನನಗೆ ಬಂದ ನಿದ್ದೆಯನ್ನು ಹೇಗೆ ಹೇಳಲಿ. ನೀರು ನನ್ನನ್ನು ಮೆಲ್ಲಗೆ ಆಡಿಸುತ್ತಿತ್ತು. ಯಾರ ಮಗ್ಗುಲನ್ನೂ ಬದಲಿಸಬೇಕಾಗಿರಲಿಲ್ಲ. ನೀರುಕೋಳಿಗಳು ಕೂಗಿ ಬೆಳಗಾದಾಗಲೇ ಎಚ್ಚರವಾಯಿತು.

ಮನೆಗೆ ಬಂದಾಗ ಅತ್ತೆಯ ಕೋಣೆಯಲ್ಲಿ ಹಗಲಿನಲ್ಲೂ ಲೈಟು ಉರಿಯುತ್ತಿತ್ತು. ಇವರು ಕುರ್ಚಿಯಲ್ಲಿ ಕತ್ತು ವಾಲಿಸಿ ನಿದ್ದೆ ಹೋಗಿದ್ದರು. ನಾನು ಮಡಿಸಿಟ್ಟಿದ್ದ ಒಣಬಟ್ಟೆಗಳು ಮಡಿಕೆ ಬಿಚ್ಚದೆಯೇ ಅವರ ಬೆನ್ನ ಹಿಂದೆ ನಲುಗಿದ್ದವು. ಅತ್ತೆ ಎಚ್ಚರವಾಗಿದ್ದರು. ಹೊದಿಕೆ ತೆಗೆದು ನೋಡಿದರೆ ಸೀರೆ, ಹಾಸಿಗೆ ಎಲ್ಲ ನೆನೆದು ತಣ್ಣಗಾಗಿತ್ತು. ಆ ಚಳಿಯಲ್ಲಿ ತುಟಿ ಅದುರುತ್ತಿತ್ತು.

ಇವರು ಗಾಬರಿಯಿಂದ ಎದ್ದರು. "ಅವ್ವ ಏನೂ ಹೇಳ್ಲೇ ಇಲ್ಲ. ನಡುರಾತ್ರ್ಯಾಗ ಲೈಟ್ ಹಚ್ಚು ಅಂದ್ಳು, ಹಚ್ಚಿದೆ. ಆರಿಸ್ತೀನಂದ್ರ ಬ್ಯಾಡ ಅಂದ್ಳು. ಕತ್ತಲಿಗೆ ಅಂಜ್ಯಾಳಂತ ತಿಳಕೊಂಡೆ."

ಮಗನ ಕೈಲಿ ಬಟ್ಟೆ ಬದಲಿಸಿಕೊಳ್ಳಲು ಅತ್ತೆಗೆ ನಾಚಿಕೆ. ಬಾಯಿಬಿಟ್ಟು ಹೇಳಲೂ ನಾಚಿಕೆ. ಅದಕ್ಕೇ ಲೈಟು ಹಚ್ಚಿಸಿ ನನ್ನನ್ನು ಕರೆದಿದ್ದರು. ಕಿಟಕಿ ಕಾಣಿಸುತ್ತದೆಂದು ಹೇಳಿ ಹೋದವಳು ನಾನೇ.

ಬಿಸಿನೀರು ಕಾಯಿಸಿ ಒರೆಸಿದೆ. ಅವರಿಗೆ ಒಣಬಟ್ಟೆ ಉಡಿಸಿದೆ. ಮಧ್ಯಾಹ್ನ ಅನ್ನ ಕಲಸಿ ಬಾಯಿಗಿಡುವಾಗ ನಿಧಾನವಾಗಿ ಕೇಳಿದರು, "ಲೈಟ್ ಕಾಣಸ್ಲಿಲ್ಲೇನ?"

"ಮಂಜು ಬಿದ್ದಿತ್ರಿ ಅತ್ತಿ. ಏನೂ ಕಾಣ್ಲಿಲ್ಲ."

"ಹೂಂ" ಅಂದು ತುತ್ತು ನುಂಗಿದರು.

ಎರಡು ದಿನದಲ್ಲಿ ಜ್ವರ ಬಂತು. ಜ್ವರ ಇಳಿಯಿತು, ಆದರೆ ಸೊಂಟದ ಹತ್ತಿರ ಚರ್ಮ ಕೆಂಪಾಗಿ ಹುಣ್ಣಾಯಿತು. ಹಾಸಿಗೆ ಹಿಡಿದವರಿಗೆ ಒದ್ದೆಯಲ್ಲಿ ಮಲಗಿದರೆ ಹೀಗಾಗುತ್ತದೆ ಎಂದು ಡಾಕ್ಟರು ಯಾರನ್ನೂ ಬೈಯದೆ ಹೇಳಿದರು. ಅದನ್ನು ತೊಳೆದು ಮುಲಾಮು ಹಚ್ಚಿ ಕಟ್ಟುವಾಗ ಅವರು ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದರು. ಮಾಯುವಷ್ಟರಲ್ಲಿ ಯುಗಾದಿ ಬಂತು.

ಆ ನಡುವೆ ನಾಗಸಂದ್ರದಲ್ಲಿರುವ ನನ್ನ ನಾದಿನಿ ತಾಯಿಯನ್ನು ನೋಡಲು ಬಂದಳು. ಹುಣ್ಣು ನೋಡಿ ಅವಳ ಮುಖ ಕಪ್ಪಿಟ್ಟಿತು. "ಹಿಂಗ್ ಬಿಟ್ಟು ದೋಣ್ಯಾಗ ಮಲಗಾಕ ಹೋಗಿದ್ರೇನ್ ವೈನಿ?" ಎಂದಳು. ಅಷ್ಟರಲ್ಲಿ ಅತ್ತೆ ಎಡಗೈ ಎತ್ತಿದರು. ತೊದಲು ನಾಲಿಗೆಯಲ್ಲಿ ಒಂದೊಂದೇ ಮಾತು ಹೊರಳಿಸಿ ಹೇಳಿದರು: "ಅಕೀಗ್ ಅನಬ್ಯಾಡ. ಆ ದಿನ ಮಂಜು ಬಿದ್ದಿತ್ತು. ಲೈಟ್ ಕಂಡಿದ್ರ ಓಡಿ ಬರಾಕಿ ಅಕಿ."

ಚಹಾ ಇಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಹೇಳಿಬಿಡಬೇಕೆಂದು ಅವತ್ತೂ ಅನ್ನಿಸಿತು, ಆಮೇಲೂ ಹಲವು ಸಲ ಅನ್ನಿಸಿದೆ. ಹೇಳಿದರೆ ನನ್ನ ಎದೆ ಹಗುರಾಗುತ್ತದೆ, ನಿಜ. ಆದರೆ ಸೊಸೆ ಕಂಡರೆ ಓಡಿ ಬರುತ್ತಾಳೆ ಅನ್ನುವ ನಂಬಿಕೆಯ ಮೇಲೇ ಅವರು ರಾತ್ರಿ ಕಣ್ಣು ಮುಚ್ಚುತ್ತಾರೆ. ಅದನ್ನು ಕಿತ್ತುಕೊಳ್ಳಲು ನನಗೆ ಧೈರ್ಯ ಬಂದಿಲ್ಲ.

ಮೀನು ಹಿಡಿಸಿದ ಮೇಲೆ ಗೆಳತಿ ಬಂದಳು. ನಾವು ಮೀನು ತಿನ್ನುವವರಲ್ಲ ಎಂದು ಅವರೆಕಾಯಿ ತಂದಿದ್ದಳು. "ಇನ್ನೊಂದಿನ ಓಗನಾ ಅಕ್ಕ? ಸುಮ್ಕೆ ಮಲಿಕ್ಕಂಡು ಬರಾಕೆ" ಅಂದಳು. ಆಗಲ್ಲ ಅಂದೆ. ಅನ್ನುವ ಮುಂಚೆ ಒಂದು ಗಳಿಗೆ, ಹೋಗಬೇಕೆಂದು ಮೈಯೆಲ್ಲ ಆಸೆಪಟ್ಟಿತ್ತು. ಅಷ್ಟೆಲ್ಲ ಆದ ಮೇಲೂ.

ಇವರಿಗೆ ಮಾತ್ರ ಅವತ್ತಿನ ಬೆಳಗು ನಾಟಿತ್ತು. ನಾನು ಹೇಳದೆಯೇ, ರಜೆಯ ಹಿಂದಿನ ರಾತ್ರಿ ಅಮ್ಮನ ಕೋಣೆಯಲ್ಲಿ ತಾವೇ ಮಲಗಲು ಶುರುಮಾಡಿದರು. ಮೊದಲ ಸಲ ಅತ್ತೆ ಎಡಗೈಯಿಂದ ಸೆರಗು ಎಳೆದು ಮುಖದ ಮೇಲೆ ಹಾಕಿಕೊಂಡರಂತೆ. ಇವರೂ ಕಣ್ಣು ಮುಚ್ಚಿಕೊಂಡೇ ಬಟ್ಟೆ ಬದಲಿಸಿ, ಸೀರೆಯನ್ನು ತಿರುವುಮುರುವಾಗಿ ಸುತ್ತಿದ್ದರು. ಈಗ ಅತ್ತೆ, "ನೀರ ಬಿಸಿ ಸಾಲೂದಿಲ್ಲ, ಇನ್ನಷ್ಟ ಕಾಸು" ಎಂದು ಮಗನನ್ನು ಗದರುವ ಮಟ್ಟಿಗೆ ಬಂದಿದ್ದಾರೆ. ಆ ರಾತ್ರಿ ನನಗೆ ರಜೆ. ಪಕ್ಕದ ಕೋಣೆಯಲ್ಲಿ ಮಲಗಿ, ಬಕೆಟ್ಟಿಗೆ ನೀರು ಬೀಳುವುದನ್ನು, ಅವರಿಬ್ಬರ ಸಣ್ಣ ಜಗಳವನ್ನು ಕೇಳುತ್ತೇನೆ. ನಿದ್ದೆ ಮಾಡು ಅನ್ನುತ್ತಾರೆ ಇಬ್ಬರೂ. ಬರುವುದಿಲ್ಲ.