ಜಗುಲಿ ದೀಪಕ್ಕೆ ಇನ್ನೊಂದು ಹೆಸರು

ಆರ್ಕೇಡಿಯಾ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆಬಣ್ಣ ಬೆರೆಸಿಕೊಡುತ್ತಲೇ ನೆಲ್ಡಾ ಪ್ರುವಿಟ್‌ಳ ತಲೆ ನರೆತಿತ್ತು. ಗಿರಾಕಿ ಬಣ್ಣದ ಚೀಟಿ ತೋರಿಸಿದರೆ ಡಬ್ಬಿಗೆ ಹನಿ ಹಾಕಿ, ಕಲಕಿ, ಮುಚ್ಚಳ ಬಡಿದು ಕೊಡುವುದು ಅವಳ ಕೆಲಸ. ಚೀಟಿಯ ಮೇಲಿನ ಹೆಸರುಗಳೆಲ್ಲ ಕಂಪನಿಯಿಂದಲೇ ಅಚ್ಚಾಗಿ ಬರುತ್ತಿದ್ದವು. ‘ಕಡಲ ನೊರೆ’ ಎಂದರೆ ಬರಿಯ ತಿಳಿಬೂದು. ಇದಕ್ಕಿಂತ ಒಳ್ಳೆಯ ಹೆಸರನ್ನು ತಾನೇ ಇಡಬಲ್ಲೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು, ಆದರೆ ಅವಳನ್ನು ಕೇಳುವವರು ಯಾರೂ ಇರಲಿಲ್ಲ.

ಕೊನೆಗೆ ಕೇಳಿದವನು ತಮ್ಮ ರಾಯ್ಸ್. ತಾಯಿ ತೀರಿಕೊಂಡಾಗ ಅವನಿನ್ನೂ ಚಿಕ್ಕವನು, ಅವನನ್ನು ಬೆಳೆಸಿದ್ದು ನೆಲ್ಡಾಳೇ. ಈಗ ಅವನು ಮದುವೆಯಾಗಿ ಬೇರೆ ಇದ್ದು, ತನ್ನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಜೋಳದ ಹಾವು ಸಾಕುತ್ತಿದ್ದ. ಮುಸುಕಿನ ಜೋಳದ ಕಣಜಗಳಲ್ಲಿ ಇಲಿ ಹಿಡಿದು ಬದುಕುವ, ವಿಷವಿಲ್ಲದ ಸಾಧು ಹಾವು ಅದು. ಹೊಲದಲ್ಲಿ ಸಿಗುವುದರ ಮೈ ಕಿತ್ತಳೆ, ಬೆನ್ನಿನ ಮೇಲೆ ಕೆಂಪು ಮಚ್ಚೆ. ಆದರೆ ಗೂಡಿನಲ್ಲಿ ಸಾಕಿ, ಮರಿಗಳಲ್ಲಿ ಆರಿಸಿ, ಮತ್ತೆ ಜೋಡಿ ಮಾಡುತ್ತ ಹೋದರೆ ಬಿಳಿ, ಗುಲಾಬಿ, ಬೂದಿ, ಉದ್ದುದ್ದ ಪಟ್ಟೆ, ಏನು ಬೇಕಾದರೂ ಹೊರಬರುತ್ತಿತ್ತು. ರಾಯ್ಸ್‌ನಿಗೆ ಆ ಕೈಗುಣ ಇತ್ತು. ಮಾರುವ ಬಾಯಿ ಮಾತ್ರ ಇರಲಿಲ್ಲ. ಆಗಸ್ಟ್‌ನಲ್ಲಿ ಡೇಟೋನಾದ ಹಾವು ಮಾರುವ ಮೇಳಕ್ಕೆ ಹೋಗಿ ಬಂದವನು ಅಕ್ಕನ ಅಡುಗೆಮನೆಯಲ್ಲಿ ಮುಖ ಇಳಿಬಿಟ್ಟು ಕೂತ.

“ನನ್ನವು ಬೇರೆ ಮಾರೋರದ್ದಕ್ಕಿಂತ ಚೆನ್ನಾಗಿವೆ ಅಕ್ಕ. ಆದ್ರೂ ಜನ ಹೋಗಿ ಅವರ ಮುಂದೇನೇ ನಿಲ್ತಾರೆ.”

“ಅವರ ಹಾವಿನ ಡಬ್ಬಿ ಮೇಲೆ ಏನು ಬರೆದಿರ್ತಾರೆ?”

“ಏನೇನೋ. ಹಿಮಗಾಳಿಯಂತೆ, ಮಿಠಾಯಿ ಕೋಲಂತೆ.”

“ನಿನ್ನ ಡಬ್ಬಿ ಮೇಲೆ?”

“ಗಂಡು. ಹೆಣ್ಣು.”

ನೆಲ್ಡಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ವಾರವೇ ಶೆಡ್ಡಿಗೆ ಹೋಗಿ ಒಂದೊಂದೇ ಹಾವನ್ನು ಕೈಗೆತ್ತಿಕೊಂಡು ನೋಡಿದಳು. ಕೆಂಗಂದು ಬಣ್ಣದ ಗೀರುಗಳಿದ್ದ ಹಾವಿಗೆ ‘ತುಕ್ಕು ಹಿಡಿದ ಗೇಟು’ ಎಂದಳು. ಬೂದಿ ಬಣ್ಣದ, ಮಂಕು ಮೋರೆಯದಕ್ಕೆ ‘ಸೋಮವಾರ ಬೆಳಿಗ್ಗೆ’. ಮುಂದಿನ ಮೇಳಕ್ಕೆ ತಾನೂ ಹೋಗಿ ಮೇಜಿನ ಹಿಂದೆ ನಿಂತಳು. ‘ಸೋಮವಾರ ಬೆಳಿಗ್ಗೆ’ ಎಂದು ಓದಿದವರು ನಗುತ್ತಿದ್ದರು. ನಕ್ಕವರು ನಿಲ್ಲುತ್ತಿದ್ದರು, ನಿಂತವರಲ್ಲಿ ಹಲವರು ಕೊಳ್ಳುತ್ತಿದ್ದರು. ಹೆಸರಿಡುವ ಹೆಂಗಸು ಎಂದು ಅವಳನ್ನು ಗುರುತಿಸುವವರೂ ಹುಟ್ಟಿಕೊಂಡರು. ತಾನು ಹೇಳಿದ ಮಾತನ್ನು ಗುರುತಿಲ್ಲದವರು ಆಡುವುದನ್ನು ಕೇಳಿದಾಗ ಅವಳಿಗೆ ಮೈ ಬೆಚ್ಚಗಾಗುತ್ತಿತ್ತು. ಅಂಗಡಿಯಲ್ಲಿ ಅಷ್ಟು ವರ್ಷ ದುಡಿದರೂ ಆ ಸುಖ ಸಿಕ್ಕಿರಲಿಲ್ಲ.

ಜಗುಲಿ ದೀಪ ಹುಟ್ಟಿದ್ದು ಅದಾದ ಮೇಲೆ. ರಾಯ್ಸ್‌ನ ಹಳೆಯ ಹೆಣ್ಣೊಂದು ಇಟ್ಟ ಮೊಟ್ಟೆಗಳಿಂದ ಬಂದ ಮರಿಗಳ ಬೆನ್ನ ಮೇಲೆ ಚೌಕ ಮಚ್ಚೆಗಳ ಬದಲು ಗುಂಡನೆಯ ಹಳದಿ ಮಚ್ಚೆಗಳಿದ್ದವು. ಪ್ರತಿ ಮಚ್ಚೆಯ ಸುತ್ತ ಮಸಿಯಂಥ ಗೆರೆ, ಆ ಗೆರೆಯ ಹೊರಗೆ ಮತ್ತೆ ತೆಳುವಾದ ಹಳದಿ. ಮಂಜು ಕವಿದಾಗ ಜಗುಲಿಯ ಬಲ್ಬು ಹಾಗೇ ಕಾಣುತ್ತದೆ. ನೆಲ್ಡಾ ಒಂದು ಕ್ಷಣವೂ ಯೋಚಿಸಲಿಲ್ಲ, ಹೆಸರು ತಾನಾಗಿ ಬಾಯಿಗೆ ಬಂತು. ಎರಡೇ ಹಂಗಾಮಿನಲ್ಲಿ ಜಗುಲಿ ದೀಪದ ಮರಿ ಬೇಕೆಂದು ಟೆಕ್ಸಸ್‌ನಿಂದ, ಓಹಾಯೊದಿಂದ ಜನ ಕೇಳಿಕೊಂಡು ಬಂದರು. ಕೊಂಡವರೂ ಜೋಡಿ ಮಾಡಿ ಮರಿ ಮಾರತೊಡಗಿದರು.

ಮೂರನೆಯ ಹಂಗಾಮಿನಲ್ಲಿ ಒಂದು ಮರಿ ತಲೆ ಹಿಂದಕ್ಕೆ ಮಡಚಿ ಮೇಲೆ ನೋಡುತ್ತಿತ್ತು. ನೆಲ್ಡಾ ಅಂಗೈ ಮೇಲೆ ಬಿಟ್ಟುಕೊಂಡಳು. ಅದು ಮುಂದೆ ಹರಿಯಲು ಹೋಗಿ ಮಗುಚಿ ಬಿತ್ತು. ಮೇಲೆ ಯಾವುದು ಕೆಳಗೆ ಯಾವುದು ಎಂಬುದೇ ಅದಕ್ಕೆ ತಿಳಿಯುತ್ತಿರಲಿಲ್ಲ. ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು, ಬಾಯಿ ತೆರೆದು, ಏನೂ ಇಲ್ಲದ ಕಡೆಗೆ ಕಚ್ಚಲು ಹೋಗುತ್ತಿತ್ತು.

“ಮೊಟ್ಟೆಗೆ ಶಾಖ ಜಾಸ್ತಿಯಾಗಿದೆ, ಅಷ್ಟೇ,” ಎಂದು ರಾಯ್ಸ್ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಹೋದ.

ಮುಂದಿನ ವರ್ಷ ಅಂಥವು ಹೆಚ್ಚಾದವು. ರಾಯ್ಸ್ ಅವನ್ನು ಸದ್ದಿಲ್ಲದೆ ಕೊಂದು, ನೆಟ್ಟಗಿದ್ದ ಒಡಹುಟ್ಟುಗಳನ್ನು ಮೇಳಕ್ಕೆ ಒಯ್ದ. ನೋಡಲು ಚೆನ್ನಾಗಿರುವ ಮರಿಯ ರಕ್ತದಲ್ಲೂ ಆ ದೋಷ ಅಡಗಿರಬಹುದು, ಅಂಥ ಎರಡು ಜೋಡಿಯಾದಾಗ ಹೊರಬೀಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ನೆಲ್ಡಾಳಿಗೂ ಗೊತ್ತಾಯಿತು. ಇಬ್ಬರೂ ಬಾಯಿ ಬಿಡಲಿಲ್ಲ. ಬೇರೆ ಊರುಗಳಲ್ಲೂ ಮರಿಗಳು ಮಗುಚತೊಡಗಿದವು. ಆ ಕಾಯಿಲೆಗೂ ಜನ ಚೆಂದದ ಹೆಸರನ್ನೇ ಇಟ್ಟಿದ್ದರು, ನಕ್ಷತ್ರ ನೋಡುವುದು ಎಂದು. ಜಗುಲಿ ದೀಪ ಎಂದರೆ ಸಾಕು, ಕೊಳ್ಳುವವರು ಕೈ ಹಿಂದಕ್ಕೆ ತೆಗೆದುಕೊಳ್ಳುವಂತಾಯಿತು.

ಒಂದು ಭಾನುವಾರ ನೆಲ್ಡಾ ಶೇಂಗಾ ಬೇಯಿಸುತ್ತಿದ್ದಾಗ ರಾಯ್ಸ್ ಡಬ್ಬಿ ಹಿಡಿದು ಬಂದ. ಅದೇ ವಂಶದ ಹಾವನ್ನು ಬಿಳಿಯ ಹಾವಿನ ಜೊತೆ ಸೇರಿಸಿ ಪಡೆದ ಮರಿ. ಮಸಿಯ ಗೆರೆ ಮಾಸಿ, ಕೆನೆಬಣ್ಣದ ಮೈಮೇಲೆ ಮಚ್ಚೆಗಳು ದಳದಳವಾಗಿ ಅರಳಿದಂತಿದ್ದವು.

“ಇದಕ್ಕೊಂದು ಹೆಸರು ಹೇಳು.”

“ಅದೇ ರಕ್ತ ಅಲ್ವೇನೋ ಇದು?”

“ಅರ್ಧ. ಇದು ಮಗುಚಲ್ಲ, ನೋಡು ಬೇಕಾದ್ರೆ.”

“ಇದರ ಮಕ್ಕಳು?”

ರಾಯ್ಸ್ ಇನ್ನೊಂದು ಹೆಜ್ಜೆ ಹತ್ತಿರ ಬಂದ. ಚಿಕ್ಕವನಿದ್ದಾಗ ಮುರಿದ ಆಟಿಕೆ ತಂದು ಮುಂದೆ ಹಿಡಿಯುತ್ತಿದ್ದನಲ್ಲ, ಅದೇ ಮುಖದಲ್ಲಿ ಡಬ್ಬಿಯನ್ನು ಮುಂದೆ ಹಿಡಿದುಕೊಂಡು ನಿಂತಿದ್ದ. ಇಡುವುದಿಲ್ಲ ಎಂದು ಹೇಳಬೇಕೆಂದೇ ನೆಲ್ಡಾ ಬಾಯಿ ತೆರೆದಳು. ಆದರೆ ಹಾವು ಬೆಳಕಿಗೆ ಹೊರಳಿತು, ಹೆಸರು ಆಗಲೇ ನಾಲಿಗೆಯ ತುದಿಯಲ್ಲಿತ್ತು.

“ಕಿತ್ತಳೆ ಹೂವು,” ಎಂದಳು.

ಅವನು ಹೋದ ಮೇಲೆ ಶೇಂಗಾ ತಳ ಹಿಡಿದು ಸೀದ ವಾಸನೆ ಬಂದರೂ ಅವಳು ಕೂತಲ್ಲಿಂದ ಏಳಲಿಲ್ಲ. ತಮ್ಮನ ಮೇಲಿನ ಪ್ರೀತಿಗೆ ಹಾಗೆ ಮಾಡಿದೆ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದಳು. ಅದು ಪೂರ್ತಿ ನಿಜವಲ್ಲ ಎಂದು ಅವಳಿಗೇ ಗೊತ್ತಿತ್ತು. ಅಷ್ಟು ಒಳ್ಳೆಯ ಹೆಸರನ್ನು ನುಂಗಿಕೊಳ್ಳಲು ಅವಳಿಂದ ಆಗಿರಲಿಲ್ಲ.

ಡೇಟೋನಾದಲ್ಲಿ ಕಿತ್ತಳೆ ಹೂವಿನ ಮುಂದೆ ಬೆಳಿಗ್ಗೆಯಿಂದಲೇ ಜನ. ಮಧ್ಯಾಹ್ನದ ಹೊತ್ತಿಗೆ ಇಮೋಜಿನ್ ವಾಟ್ಲಿ ಬಂದಳು. ಒಕಾಲಾದವಳು, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಕಪ್ಪು ಹೆಂಗಸು. ಹಿಂದೆ ಇದೇ ಮೇಜಿನಲ್ಲಿ ಜಗುಲಿ ದೀಪದ ಜೋಡಿ ಕೊಂಡಿದ್ದಳು. ಜಗಳಕ್ಕೆ ಬಂದಂತೆ ಕಾಣಲಿಲ್ಲ.

“ನನ್ನ ಮರಿಗಳಲ್ಲಿ ಸುಮಾರು ಹಾಳಾಗಿ ಹುಟ್ಟಿದವು, ಮಿಸ್ ನೆಲ್ಡಾ. ನನ್ನ ಕೈಯಿಂದಾನೇ ಮುಗಿಸಬೇಕಾಯ್ತು. ಅಂಥ ಕೆಲಸ ನಾನು ಜನ್ಮದಲ್ಲಿ ಮಾಡಿರಲಿಲ್ಲ.”

“ಹಾಗಾಗಬಾರದಿತ್ತು,” ಎಂದಳು ನೆಲ್ಡಾ.

“ಆಯ್ತು ಬಿಡಿ. ಈಗ ಹೊಸದಾಗಿ ಶುರು ಮಾಡಬೇಕು ಅಂತಿದೀನಿ. ಈ ಕಿತ್ತಳೆ ಹೂವಿಗೂ ಅದಕ್ಕೂ ಏನಾದ್ರೂ ಸಂಬಂಧ ಇದೆಯಾ?”

ರಾಯ್ಸ್ ನಡುವೆ ಬಾಯಿ ಹಾಕಿದ. “ಇಲ್ಲ ಮೇಡಂ, ಇದು ಬೇರೆ ವಂಶದ್ದು.”

“ನಿಮ್ಮನ್ನ ಕೇಳಲಿಲ್ಲ ಸರ್,” ಎಂದಳು ಇಮೋಜಿನ್ ಮೆಲ್ಲಗೆ. “ಹೆಸರಿಟ್ಟವರನ್ನ ಕೇಳ್ತಿದೀನಿ. ಅವರು ಹೇಳಿದ್ರೆ ನಂಬ್ತೀನಿ.”

ನೆಲ್ಡಾ ಡಬ್ಬಿಯ ಮೇಲೆ ತಾನೇ ಬರೆದಿದ್ದ ಅಕ್ಷರಗಳನ್ನು ನೋಡಿದಳು. ಹಿಂದೆ ನಿಂತಿದ್ದ ಗಿರಾಕಿಗಳೂ ಕಿವಿಗೊಟ್ಟಿದ್ದರು.

“ಅದೇ ರಕ್ತ. ಹೆಸರು ಮಾತ್ರ ಹೊಸದು. ತಗೋಬೇಡಿ,” ಎಂದಳು.

ರಾಯ್ಸ್ ಡಬ್ಬಿಗಳನ್ನು ಜೋಡಿಸಿಕೊಂಡು ಪಿಕಪ್‌ಗೆ ಹೇರಿದ. ಮನೆಯ ದಾರಿಯಲ್ಲಿ ದನದ ಹುಲ್ಲುಗಾವಲುಗಳು ಶುರುವಾದ ಮೇಲೆ ಬಾಯಿ ಬಿಟ್ಟ.

“ಮನೇಲೇ ಬೇಡ ಅಂದಿದ್ರೆ ನಾನು ತರ್ತಾನೇ ಇರಲಿಲ್ಲ. ಹೆಸರು ಕೊಟ್ಟು, ಜನರ ಮುಂದೆ ನನ್ನ ನಿಲ್ಲಿಸಿ ಕೊಂದೆಯಲ್ಲ.”

ಅವನು ಹೇಳಿದ್ದು ಸರಿಯೇ ಇತ್ತು.

ಆಮೇಲೆ ರಾಯ್ಸ್ ಅಕ್ಕನ ಮನೆಯ ಭಾನುವಾರದ ಊಟಕ್ಕೆ ಬರುವುದನ್ನು ಬಿಟ್ಟ. ಪರೀಕ್ಷೆಗೆಂದೇ ಹಾವುಗಳನ್ನು ಒಂದಕ್ಕೊಂದು ಜೋಡಿ ಮಾಡಿ, ಯಾವುದರಲ್ಲಿ ದೋಷ ಇದೆ ಯಾವುದರಲ್ಲಿ ಇಲ್ಲ ಎಂದು ನೋಡುತ್ತಿದ್ದಾನೆ ಎಂದು ಅವನ ಹೆಂಡತಿಯ ಬಾಯಿಂದ ತಿಳಿಯಿತು. ಶೆಡ್ಡಿನ ಗೂಡುಗಳು ಒಂದೊಂದಾಗಿ ಖಾಲಿಯಾದವು. ಅವನು ಕಿತ್ತಳೆ ಹಣ್ಣನ್ನು ಪೆಟ್ಟಿಗೆಗೆ ತುಂಬುವ ಕಾರ್ಖಾನೆಗೆ ಕೆಲಸಕ್ಕೆ ಸೇರಿದ. ಆ ಮೊದಲ ಹಳೆಯ ಹೆಣ್ಣು ಹಾವನ್ನು ಮಾತ್ರ ಕೊಲ್ಲಲೂ ಇಲ್ಲ, ಮಾರಲೂ ಇಲ್ಲ, ಗಂಡಿನ ಜೊತೆ ಬಿಡಲೂ ಇಲ್ಲ.

ಮರುವರ್ಷ ನೆಲ್ಡಾ ಈ ನಡುವೆ ಗೆಳತಿಯಾಗಿದ್ದ ಇಮೋಜಿನ್‌ಳ ಕಾರಿನಲ್ಲಿ ಮೇಳಕ್ಕೆ ಹೋದಳು. ಹೋಗಿದ್ದು ಸುಮ್ಮನೆ ನೋಡಿ ಬರಲು. ಎರಡನೆಯ ಸಾಲಿನಲ್ಲಿ ಒಂದು ಡಬ್ಬಿಯ ಮುಂದೆ ಅವಳ ಕಾಲು ನಿಂತುಬಿಟ್ಟಿತು. ಹಾವಿನ ಮೈ ನಸುನೇರಳೆ, ಹೆಸರು ‘ರಾಣಿಯ ಸರ’. ಆದರೆ ಆ ಗುಂಡು ಮಚ್ಚೆಗಳು ಅವಳಿಗೆ ಗೊತ್ತಿದ್ದವು. ಮುಂದಿನ ಮೇಜಿನಲ್ಲಿ ಅದೇ ಮಚ್ಚೆ ‘ಜೇನಹನಿ’ ಆಗಿತ್ತು. ಅದರಾಚೆ ಇನ್ನೊಂದು. ರಾಯ್ಸ್‌ನಿಂದ ಕೊಂಡವರು, ಅವರಿಂದ ಕೊಂಡವರು, ಎಲ್ಲರೂ ಬಣ್ಣ ಬದಲಾಯಿಸಿ ಹೆಸರು ಕಟ್ಟಿದ್ದರು. ಹೆಸರುಗಳು ಕೆಟ್ಟದಾಗಿರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಸಂಕಟವಾಯಿತು.

ರಾಣಿಯ ಸರವನ್ನು ಬಗ್ಗಿ ನೋಡುತ್ತಿದ್ದ ಗಂಡಹೆಂಡಿರಿಗೆ ನೆಲ್ಡಾ ವಿಷಯ ಹೇಳಿದಳು. ಅವರು ಡಬ್ಬಿ ಕೆಳಗಿಟ್ಟು ಹೋದರು. ಮಾರುತ್ತಿದ್ದ ಗಡ್ಡದವನಿಗೆ ಪಿತ್ತ ನೆತ್ತಿಗೇರಿತು.

“ಏನಮ್ಮ, ನೀವು ಇಟ್ಟಾಗ ಅದು ವ್ಯಾಪಾರ, ನಾವು ಇಟ್ರೆ ಮೋಸವಾ? ಹೆಸರೇನು ನಿಮ್ಮಪ್ಪನ ಆಸ್ತಿಯಾ?”

“ಅಲ್ಲ,” ಎಂದಳು ನೆಲ್ಡಾ. “ಆದ್ರೆ ಆ ಮರಿ ನಮ್ಮ ಶೆಡ್ಡಿಂದು.”

ಮೇಳದವರು ಬಂದು ಅವಳನ್ನು ಹೊರಗೆ ಕಳಿಸಿದರು. ಕಾರಿನ ನೆರಳಿನಲ್ಲಿ ಇಮೋಜಿನ್ ತಣ್ಣನೆಯ ಚಹಾ ಬಗ್ಗಿಸಿ ಕೊಡುತ್ತ, “ಹೀಗೆ ಎಷ್ಟು ಜನಕ್ಕೆ ಅಂತ ಹೇಳ್ತೀರಿ?” ಎಂದಳು.

“ಗೊತ್ತಿಲ್ಲ. ಕೇಳಿಸಿಕೊಂಡೋರಿಗೆ.”

ಚಳಿಗಾಲ ಕಳೆದ ಮೇಲೆ ಒಂದು ಭಾನುವಾರ ರಾಯ್ಸ್ ಹೇಳದೆ ಕೇಳದೆ ಬಂದು ಮೇಜಿಗೆ ಕೂತ. ನೆಲ್ಡಾ ಕರಿದ ಕೋಳಿ, ಅವರೆಕಾಳು ಬಡಿಸಿದಳು. ತಟ್ಟೆ ಖಾಲಿಯಾಗುವವರೆಗೂ ಇಬ್ಬರೂ ಮಳೆ, ಹಿಮ ಬಿದ್ದು ಹಾಳಾದ ತೋಟ, ಕಾರ್ಖಾನೆಯ ಮೇಲಿನವರು ಎಂದು ಬೇರೆ ಮಾತುಗಳನ್ನೇ ಆಡಿದರು.

“ಡೇಟೋನಾದಿಂದ ಹೊರಗೆ ಹಾಕಿದ್ರಂತೆ ನಿನ್ನ,” ಎಂದ ಅವನು ಕೊನೆಗೆ.

“ಹೂಂ.”

“ಈ ಸಲವೂ ಹೋಗ್ತೀಯಾ?”

“ಬಾಗಿಲಲ್ಲಿ ಬಿಟ್ರೆ ಹೋಗ್ತೀನಿ.”

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಅವಳ ಮುಖ ನೋಡದೆ ಹೇಳಿದ. “ಗುರುತು ಹಿಡಿಯೋಕೆ ಬಣ್ಣ ನೋಡಬೇಡ. ಬಣ್ಣ ಹೇಗೆ ಬೇಕಾದ್ರೂ ತಿರುಗಿಸ್ತಾರೆ. ಕತ್ತಿನ ಹಿಂದೆ ಮೊದಲನೇ ಮಚ್ಚೆ ಇರುತ್ತಲ್ಲ, ಅದು ಎಡಗಡೆ ಸ್ವಲ್ಪ ಒಡೆದಿರುತ್ತೆ. ನಮ್ಮ ಹಾವಿನ ವಂಶದಲ್ಲಿ ಎಲ್ಲದಕ್ಕೂ ಹಾಗೇನೇ.”

ನೆಲ್ಡಾ ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು. ಅವನು ಬೇಡವೆನ್ನಲಿಲ್ಲ.